ಯಮುನಕ್ಕನ ಕುತ್ತಿಗೆ

ಯಮುನಕ್ಕ ನಮ್ಮ ಜಗಲಿಯಲ್ಲಿ ಮೀನಿನ ಬುಟ್ಟಿ ಇಳಿಸಿದ ಮೇಲೆ ಮೊದಲು ಮಾತಾಡುತ್ತಿದ್ದುದು ಅವರ ಕುತ್ತಿಗೆ. ಬಾಯಿಯ ಸರದಿ ಆಮೇಲೆ. ಬಲಕ್ಕೆ ತಿರುಗಿಸಿದರೆ ಒಂದು ‘ಟಕ್’. ಎಡಕ್ಕೆ ತಿರುಗಿಸಿದರೆ ‘ಟಕ್ ಟಕ್’ ಎಂದು ಎರಡು. ಕೊನೆಗೆ ಗದ್ದವನ್ನು ಎದೆಗೆ ತಾಗಿಸಿ ಮೆಲ್ಲನೆ ಮೇಲೆತ್ತುವಾಗ ಒಣಗಿದ ತೆಂಗಿನ ಮಡಲು ಮುರಿದಂಥ ಉದ್ದನೆಯ ಸದ್ದು. ನಮ್ಮ ಬೆಕ್ಕು ಮೀನಿನ ವಾಸನೆಗಿಂತ ಮೊದಲು ಈ ಸದ್ದಿಗೇ ಎದ್ದು ಬರುತ್ತಿತ್ತು.

“ನಿಮ್ಮ ಕುತ್ತಿಗೆ ಒಂದು ದಿನ ಕಳಚಿ ನಮ್ಮ ಜಗಲಿಯಲ್ಲೇ ಬೀಳ್ತದೆ ನೋಡಿ ಯಮುನಕ್ಕ” ಎನ್ನುವರು ಅಮ್ಮ.

“ಬಿದ್ರೆ ಸಾರು ಮಾಡ್ಬೇಡಿ ಸರೋಜಕ್ಕ. ಬರೀ ಎಲುಬು.”

ಅವರು ಹೇಳುತ್ತಿದ್ದುದೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಉಪ್ಪು ಒಂದು ಚಿಟಿಕೆ ಕಡಿಮೆಯಾಗಿದ್ದರೆ ತಪ್ಪು ನನ್ನದು.

ಶಿರಿಯದ ಕಡಲ ಬದಿಯಿಂದ ಬೆಳಿಗ್ಗೆ ನಾಲ್ಕೈದು ಹೆಂಗಸರು ಒಂದೇ ರಿಕ್ಷಾದಲ್ಲಿ ಕಾಸರಗೋಡು ಸೀಮೆಯ ನಮ್ಮ ಬಂದ್ಯೋಡಿಗೆ ಬಂದಿಳಿಯುತ್ತಿದ್ದರು. ಉಳಿದವರು ಅಲ್ಲೇ ಜಂಕ್ಷನ್ನಿನಲ್ಲಿ ಕುಳಿತು ಮಾರುವವರು. ಯಮುನಕ್ಕ ಮಾತ್ರ ಬುಟ್ಟಿಯನ್ನು ತಲೆಗೇರಿಸಿ ಮನೆಮನೆಗೆ ನಡೆಯುವವರು. ಹೈವೇ ಅಗಲವಾದ ಮೇಲೆ ಈಚೆಯಿಂದ ಆಚೆಗೆ ದಾಟಲು ಅರ್ಧ ಊರು ಸುತ್ತಬೇಕು; ಅದನ್ನೂ ಸುತ್ತಿ ಬರುತ್ತಿದ್ದರು. ನಮ್ಮ ರಸ್ತೆಗೆ ಈಗ ಸ್ಕೂಟರಿನಲ್ಲಿ ಐಸಿನ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನು ಬಾರಿಸುತ್ತಾ ಬರುವ ಮೀನಿನವನೂ ಇದ್ದಾನೆ. ಅವನ ಬಗ್ಗೆ ಯಮುನಕ್ಕ ಕೆಟ್ಟದ್ದೇನೂ ಹೇಳುತ್ತಿರಲಿಲ್ಲ. “ಪಾಪ, ಒಳ್ಳೆ ಹುಡುಗ. ಅವನಿಗೂ ಅವನ ಮೀನಿಗೂ ಒಂದೇ ವಯಸ್ಸು” ಎಂದಷ್ಟೇ ಹೇಳಿ ಬಂಗುಡೆಯ ಕಿವಿರು ಬಿಡಿಸಿ ತೋರಿಸುವರು.

ಇನ್ನು ನನ್ನ ವಿಷಯ. ನಾನು ಬಂದ್ಯೋಡಿನ ಒಂದು ಮೊಬೈಲ್ ಅಂಗಡಿಯಲ್ಲಿ ಒಡೆದ ಡಿಸ್‌ಪ್ಲೇ ಬದಲಿಸುವವನು. ಬಿಡುವಿದ್ದಾಗ ಮಿಮಿಕ್ರಿ. ನಿಜ ಹೇಳಬೇಕೆಂದರೆ, ಮಿಮಿಕ್ರಿಯ ಬಿಡುವಿನಲ್ಲಿ ಡಿಸ್‌ಪ್ಲೇ. ಅಮ್ಮನ ಸ್ವರದಲ್ಲಿ ಕರೆದು ಅಪ್ಪನನ್ನು ಬಚ್ಚಲಿನಿಂದ ಅರ್ಧ ಸ್ನಾನದಲ್ಲಿ ಹೊರಗೆ ತಂದಿದ್ದೇನೆ. ಅಪ್ಪನ ಸ್ವರದಲ್ಲಿ ಅಂಗಡಿಯ ಯಜಮಾನರಿಗೆ ಫೋನ್ ಮಾಡಿ, ಮಗನಿಗೆ ಜ್ವರ ಎಂದು ಹೇಳಿ, ‘ಅಯ್ಯೋ ಪಾಪ’ ಎಂದು ಅವರಿಂದ ಹೇಳಿಸಿಕೊಂಡಿದ್ದೇನೆ. ಊರಿನ ಕ್ಲಬ್ಬಿನ ಕಾರ್ಯಕ್ರಮವೆಂದರೆ ನನಗೊಂದು ಮೈಕು ಖಾಯಂ. ಹುಡುಗಿ ನೋಡಲು ಹೋದಲ್ಲಿ ಯಾರ ಸ್ವರದಲ್ಲಿ ಮಾತಾಡುತ್ತೀ ಎಂದು ಗೆಳೆಯರು ಕೇಳುತ್ತಾರೆ. ಆ ಪ್ರಶ್ನೆ ನನಗೂ ಇದೆ.

ಒಂದು ದಿನ ಅಮ್ಮನ ಬಟ್ಟೆ ಒಗೆಯುವ ಬೋಗುಣಿಯನ್ನು ತಲೆಯ ಮೇಲಿಟ್ಟು, ಅಂಗಳದಲ್ಲಿ ಯಮುನಕ್ಕನ ನಡಿಗೆ ನಡೆಯುತ್ತಿದ್ದೆ. ಜಗಲಿಯಲ್ಲಿ ಅಮ್ಮ ಹೊಟ್ಟೆ ಹಿಡಿದು ನಗುತ್ತಿದ್ದರು. ಏಕಾಏಕಿ ನಗು ನಿಂತಿತು. ತಿರುಗಿದರೆ ಗೇಟಿನಲ್ಲಿ ಅಸಲಿ ಯಮುನಕ್ಕ.

“ಏ ನಾಟಕ, ಅದು ಯಾರು?” ಅವರು ನನ್ನನ್ನು ಕರೆಯುತ್ತಿದ್ದುದೇ ಹಾಗೆ.

“ಯಾರೂ ಇಲ್ಲ ಯಮುನಕ್ಕ.”

“ಯಾರೂ ಇಲ್ಲದವಳಿಗೆ ಅಷ್ಟು ದೊಡ್ಡ ಸೊಂಟ ಎಲ್ಲಿಂದ ಬಂತು?” ಎನ್ನುತ್ತಾ ಒಳಗೆ ಬಂದರು. ಬೈಯುತ್ತಾರೆಂದು ಕಾದೆ. ಅವರು ನನ್ನ ಸುತ್ತ ಒಂದು ಸುತ್ತು ಬಂದು, “ತಲೆ ತಿರುಗಿಸ್ತಿ ನೀನು. ತಪ್ಪು. ಬುಟ್ಟಿ ಹೊತ್ತವಳು ತಲೆ ತಿರುಗಿಸುದಿಲ್ಲ ಮಾರಾಯ, ಇಡೀ ಮೈ ತಿರುಗಿಸ್ತಾಳೆ. ಕಬ್ಬಿಣದ ಬೀರು ತಿರುಗಿಸಿದ ಹಾಗೆ. ಕಾಲು ಮೊದಲು. ಹಾಂ. ಈಗ ಸೊಂಟ” ಎಂದರು.

ಕುತ್ತಿಗೆಯ ಸದ್ದಿಗೆ ನಾನು ಹೆಬ್ಬೆರಳಿನ ಉಗುರನ್ನು ಮೇಲಿನ ಹಲ್ಲಿಗೆ ಸಿಕ್ಕಿಸಿ ಚಿಮ್ಮಿಸುತ್ತಿದ್ದೆ. ಅದನ್ನೂ ಮಾಡಿ ತೋರಿಸಿದೆ. ಅವರು ಕಿವಿ ಕೊಟ್ಟು ಕೇಳಿ, “ಸದ್ದು ಒಳ್ಳೆದುಂಟು. ಲೆಕ್ಕ ತಪ್ಪಿದ್ದಿ. ಬಲಕ್ಕೆ ಒಂದು, ಎಡಕ್ಕೆ ಎರಡು. ನನ್ನನ್ನು ಮಾಡುದಾದ್ರೆ ಸರಿಯಾಗಿ ಮಾಡು. ಬೇರೆ ಯಾರನ್ನೋ ಮಾಡಿ ನನ್ನ ಹೆಸರು ಹೇಳ್ಬೇಡ” ಎಂದರು.

ಮೀನು ಕೊಟ್ಟಾದ ಮೇಲೆ ಬುಟ್ಟಿಯನ್ನು ಪುನಃ ತಲೆಗೇರಿಸಲು ಆ ಮನೆಯವರು ಯಾರಾದರೊಬ್ಬರು ಕೈಕೊಡಬೇಕು. ಇದು ಯಾರೂ ಹೇಳಿಕೊಡದ ಪದ್ಧತಿ. ಮೀನು ಕೊಳ್ಳದ ದಿನವೂ ತಪ್ಪುವಂತಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಮೊದಲ ಸಲ ನಾನು ಗಂಡಸುತನ ತೋರಿಸಲು ಹೋಗಿ ಬುಟ್ಟಿಯನ್ನು ಸರ್ರನೆ ಎತ್ತಿಬಿಟ್ಟಿದ್ದೆ. ಅವರು ನನ್ನ ಕೈ ತಡೆದರು. “ನೀನು ಎತ್ಬೇಡ. ನಾನು ಏಳ್ತೇನೆ. ನೀನು ಜೊತೆಗೆ ಬಾ, ಅಷ್ಟೆ.” ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ತಲೆಯ ಮೇಲಿನ ಬಟ್ಟೆಯ ಸಿಂಬೆಯನ್ನು ಒಮ್ಮೆ ಮುಟ್ಟಿ ನೋಡಿ, ನೀರಿನಿಂದ ಮೇಲೇಳುವ ಹಾಗೆ ಏಳುವರು. ನನ್ನ ಕೈಗೆ ಭಾರವೇ ಗೊತ್ತಾಗುತ್ತಿರಲಿಲ್ಲ.

ಯಾವ ಭಾರವನ್ನೂ ಹೊರದ ನನ್ನ ಕುತ್ತಿಗೆಯೇ ಒಂದು ಬೆಳಿಗ್ಗೆ ಹಿಡಿದುಕೊಂಡಿತು. ದಿನವಿಡೀ ಅಂಗಡಿಯಲ್ಲಿ ದೀಪದ ಕೆಳಗೆ ಬಗ್ಗಿ ಕೆಲಸ. ಮನೆಗೆ ಬಂದರೆ ಸೋಫಾದ ಕೈಯ ಮೇಲೆ ತಲೆಯಿಟ್ಟು, ನನ್ನದೇ ಮಿಮಿಕ್ರಿಯ ವಿಡಿಯೊಗಳನ್ನು ನಾನೇ ನೋಡಿ ನಾನೇ ನಗುವ ಕೆಲಸ. ಸಾಲದೆಂದು, ಗಿರಾಕಿಗಳನ್ನು ಬೆಚ್ಚಿಬೀಳಿಸಲು ಗದ್ದ ಹಿಡಿದು ಕುತ್ತಿಗೆಯನ್ನು ‘ಕಟಕ್’ ಎನಿಸುವ ಅಭ್ಯಾಸ ಬೇರೆ. ಎದ್ದಾಗ ಮುಖ ಎಡಕ್ಕೆ ತಿರುಗಿ ಅಲ್ಲೇ ನಿಂತಿತ್ತು. ಏಡಿಯ ಹಾಗೆ ಅಡ್ಡಡ್ಡ ನಡೆದು ಗೇಟಿಗೆ ಬರುವಾಗ ಯಮುನಕ್ಕ ಎದುರಾದರು.

“ಎಂತ ನಾಟಕ, ಇವತ್ತು ಯಾರನ್ನು ಮಾಡುದು?”

“ಇದು ಮಾಡುದಲ್ಲ ಯಮುನಕ್ಕ. ಆದದ್ದು.”

ಬುಟ್ಟಿ ಇಳಿಸಿ, ನಕ್ಕು ಮುಗಿಸಿ, ಸೆರಗಿಗೆ ಕೈ ಒರೆಸಿ ಎರಡು ಬೆರಳಿನಲ್ಲಿ ನನ್ನ ಕುತ್ತಿಗೆ ಒತ್ತಿದರು. ಮೂರು ದಿನ ಕುತ್ತಿಗೆಗೆ ಬಂಗುಡೆಯ ವಾಸನೆ ಇತ್ತು.

“ಸೆಲೂನಿಗೆ ಹೋಗಿ ಒಂದು ತಿರುವು ಕೊಡಿಸಿದ್ರೆ ಸರಿಯಾಗ್ತದಂತೆ” ಎಂದೆ.

“ತಿರುವು ಕೊಡ್ಲಿಕ್ಕೆ ಅದು ನೀರಿನ ನಳ್ಳಿಯಾ? ಯಾರ ಕೈಗೂ ತಲೆ ಕೊಡ್ಬೇಡ.” ಅಮ್ಮನ ಕಡೆ ತಿರುಗಿ, “ಕುಚ್ಚಲಕ್ಕಿ ಬಟ್ಟೆಯಲ್ಲಿ ಕಟ್ಟಿ ಕಾವಲಿಯಲ್ಲಿ ಬಿಸಿ ಮಾಡಿ ಇಡಿ ಸರೋಜಕ್ಕ. ಚರ್ಮ ಸುಡುವಷ್ಟು ಬೇಡ. ತಲೆದಿಂಬು ಎಷ್ಟು ಇಡ್ತಾನೆ ಇವ?”

“ಎರಡು. ಮೇಲೊಂದು ಕುಶನ್ನು” ಎಂದರು ಅಮ್ಮ.

“ಮಲಗುದಾ, ಮಾಳಿಗೆ ಹತ್ತುದಾ? ಒಂದು ಸಾಕು, ತೆಳ್ಳಗಿನದ್ದು.” ಮತ್ತೆ ನನ್ನ ಕಡೆಗೆ: “ನಾನು ತಲೆ ಮೇಲೆ ಒಂದು ಬುಟ್ಟಿ ಮೀನಿಟ್ಟು ನೆಟ್ಟಗೆ ನಡೀತೇನೆ. ನೀನು ಅಂಗೈಯಷ್ಟು ಮೊಬೈಲು ಹಿಡ್ಕೊಂಡು ಕುತ್ತಿಗೆಯನ್ನು ಗಾಳದ ಹಾಗೆ ಬಗ್ಗಿಸಿದ್ದಿ. ಮೊಬೈಲನ್ನು ಕಣ್ಣಿನ ಹತ್ರ ತಾ. ಕಣ್ಣನ್ನು ಮೊಬೈಲಿನ ಹತ್ರ ಕೊಂಡೋಗ್ಬೇಡ.”

“ನಿಮ್ಮ ಕುತ್ತಿಗೆಯೂ ಸದ್ದು ಮಾಡ್ತದಲ್ಲ?”

“ಸದ್ದು ಬೇರೆ, ಬಿಗಿ ಬೇರೆ, ನೋವು ಬೇರೆ. ಬಾಗಿಲಿನ ಬಿಜಾಗರಿ ಕಿರ್ ಅಂದ್ರೆ ಬಾಗಿಲು ಬೀಳ್ತದಾ? ತಾನಾಗಿ ಬಂದ ಸದ್ದಿಗೆ ಹೆದರ್ಬೇಡ. ಕೈ ಹಾಕಿ ಸದ್ದು ತೆಗಿಬೇಡ. ನೀನು ಚಕ್ಕುಲಿ ಮುರಿದ ಹಾಗೆ ಮುರಿತಿ, ನಾನು ನೋಡಿದ್ದೇನೆ.”

ಆಮೇಲೆ ನನ್ನನ್ನು ಜಗಲಿಯ ಮೆಟ್ಟಿಲಲ್ಲಿ ಕೂರಿಸಿ, ಅವರು ಹೇಳಿಕೊಟ್ಟದ್ದು ಬಸ್ಸು ನೋಡುವ ವ್ಯಾಯಾಮ. “ನೀನು ಬಂದ್ಯೋಡಿನಲ್ಲಿ ನಿಂತಿದ್ದಿ. ಕಾಸರಗೋಡು ಕಡೆಯಿಂದ ಬಸ್ಸು ಬರ್ತದಾ ನೋಡು. ಮೆಲ್ಲ. ಗಡಿಬಿಡಿ ಬೇಡ, ಬಸ್ಸು ಇನ್ನೂ ಕುಂಬಳೆಯಲ್ಲುಂಟು. ನೋವು ಬಂತಾ? ಅಲ್ಲೇ ಸ್ಟಾಪು. ಮುಂದೆ ಹೋಗ್ಬೇಡ. ಈಗ ಮಂಗಳೂರು ಕಡೆ ನೋಡು. ಬರ್ಲಿಲ್ಲ. ಈಗ ತೆಂಗಿನಕಾಯಿ ನೋಡು. ಈಗ ನಿನ್ನ ಕಾಲಿನ ಹೆಬ್ಬೆರಳು ನೋಡು. ಹೀಗೆ ದಿನಕ್ಕೆ ನಾಲ್ಕು ಸಲ ಬಸ್ಸಿಗೆ ಕಾಯ್ಬೇಕು.” ಏಳುವಾಗ ಒಂದು ಮಾತು ಸೇರಿಸಿದರು: “ಇದರಲ್ಲಿ ನೋವು ಹೋಗದಿದ್ರೆ, ಇಲ್ಲ ಕೈಗೆ ಜೋಮು ಇಳಿದ್ರೆ, ನನ್ನ ಹತ್ರ ಬರ್ಬೇಡ. ನಾನು ಮೀನು ಮಾರುವವಳು. ಡಾಕ್ಟ್ರ ಹತ್ರ ಹೋಗು.”

ಮೂರನೆಯ ದಿನ ಮುಖ ನೇರವಾಯಿತು. ನಾಲ್ಕನೆಯ ದಿನ ಈ ಇಡೀ ಚಿಕಿತ್ಸೆ ನನ್ನ ಮಿಮಿಕ್ರಿಯ ಐಟಮ್ಮಾಯಿತು. ಬಸ್ಸು ಕುಂಬಳೆಯಲ್ಲಿದೆ ಎನ್ನುವಲ್ಲಿ ಜನ ಕುರ್ಚಿಯಿಂದ ಬೀಳುತ್ತಿದ್ದರು.

ಮಿಮಿಕ್ರಿ ಮಾಡುವವನಿಗೆ ನೋಡುವ ಚಟ. ಜೋರು ಮಳೆ ಕಳೆದು ಬೋಟುಗಳು ಪುನಃ ಕಡಲಿಗಿಳಿದ ಸಮಯದಲ್ಲಿ ಯಮುನಕ್ಕನಲ್ಲಿ ಕೆಲವು ಹೊಸತು ಕಂಡವು. ಬಲಗೈಯಿಂದ ಎತ್ತಿದ ಬಂಗುಡೆ ಪಾತ್ರೆಗೆ ಬೀಳುವ ಮೊದಲೇ ಜಾರುತ್ತಿತ್ತು. ನೀರು ಕೊಡಹುವವರಂತೆ ಕೈಯನ್ನು ಆಗಾಗ ಕೊಡಹುತ್ತಿದ್ದರು. ಚೀಲದ ಗಂಟು ನನ್ನಿಂದ ಕಟ್ಟಿಸುತ್ತಿದ್ದರು. ಕೆಲವು ದಿನಗಳಲ್ಲಿ ಎಡಗೈಯಿಂದಲೇ ಮೀನು ಹಾಕತೊಡಗಿದರು. ಎಡಗೈಯಲ್ಲಿ ಒಂದು ವೀಳ್ಯದೆಲೆಯನ್ನೂ ಯಾರಿಗೂ ಕೊಡದ ಹೆಂಗಸು ಅವರು.

“ಎಂತ ಯಮುನಕ್ಕ, ಎಡಗೈ?” ಎಂದು ಅಮ್ಮ ಕೇಳಿದ್ದರು.

“ಬಲಗೈಗೆ ರಜೆ” ಎಂದಿದ್ದರು.

ಅಮ್ಮ ನಕ್ಕರು. ನಾನು ನಗಲಿಲ್ಲ, ಗಮನವಿಟ್ಟು ನೋಡಿದೆ. ಮೀನು ಜಾರುವಾಗ ಅವರ ಕೆಳತುಟಿ ಒಳಗೆ ಹೋಗುವುದನ್ನು ಸಹ ನೋಡಿ ಇಟ್ಟುಕೊಂಡೆ. ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದೆ.

ಓಣಂ ದಿನ ಮಧ್ಯಾಹ್ನ, ಊಟವಾಗಿ ಹಗ್ಗ ಎಳೆಯುವ ಸ್ಪರ್ಧೆ ಶುರುವಾಗುವ ಮೊದಲು, ಕ್ಲಬ್ಬಿನ ಅಂಗಳದಲ್ಲಿ ನನ್ನ ಐಟಮ್ಮು. ಯಮುನಕ್ಕ ಎದುರು ಸಾಲಿನಲ್ಲೇ ಕುಳಿತಿದ್ದರು. ಕಳೆದ ವರ್ಷವೂ ಅಲ್ಲೇ ಕುಳಿತು ಎಲ್ಲರಿಗಿಂತ ಜೋರು ನಕ್ಕಿದ್ದರು. ಬೀರುವಿನ ನಡಿಗೆಗೆ ಚಪ್ಪಾಳೆ ಬಿತ್ತು. ಉಗುರು, ಹಲ್ಲು, ಮೈಕು. ಬಲಕ್ಕೆ ಒಂದು, ಎಡಕ್ಕೆ ಎರಡು. ಆಮೇಲೆ ಹೊಸತನ್ನು ತೆಗೆದೆ. ರಟ್ಟಿನ ಮೀನೊಂದನ್ನು ಬಲಗೈಯಲ್ಲಿ ಎತ್ತಿ ಜಾರಿಸಿದೆ, ಕೆಳತುಟಿ ಒಳಗೆಳೆದೆ, ಕೈ ಕೊಡಹಿದೆ, ಎಡಗೈಯಲ್ಲಿ ಹೆಕ್ಕಿದೆ. ಜನ ಹುಚ್ಚೆದ್ದು ನಕ್ಕರು. ನಗು ಇಳಿಯುವ ಮೊದಲೇ ಚಿಕಿತ್ಸೆಯ ಭಾಗಕ್ಕೆ ಹೋಗಬೇಕು. ಎಡಗೈಯಲ್ಲಿ ರಟ್ಟಿನ ಮೀನು ಹಿಡಿದುಕೊಂಡೇ ಅವರ ಸ್ವರದಲ್ಲಿ ಹೇಳಿದೆ: “ಕೈಗೆ ಜೋಮು ಇಳಿದ್ರೆ ನನ್ನ ಹತ್ರ ಬರ್ಬೇಡ. ಡಾಕ್ಟ್ರ ಹತ್ರ ಹೋಗು.”

ಹೇಳಿದ್ದು ನನ್ನ ಬಾಯಿ. ಅದು ನನ್ನ ಕಿವಿಗೆ ಬಿದ್ದದ್ದು ಆಗಲೇ. ಕೆಳಗೆ ನೋಡಿದೆ. ಯಮುನಕ್ಕ ನಗುತ್ತಿರಲಿಲ್ಲ. ಮಡಿಲಲ್ಲಿದ್ದ ತಮ್ಮ ಬಲಗೈಯನ್ನು ಸೆರಗಿನೊಳಗೆ ಸೇರಿಸುತ್ತಿದ್ದರು. ಅವರ ಪಕ್ಕದ ಕುರ್ಚಿಯ ಹೆಂಗಸು ಬಗ್ಗಿ ಆ ಕೈಯನ್ನೇ ನೋಡುತ್ತಿದ್ದಳು.

ಮರುದಿನ ಬುಟ್ಟಿ ಬಂತು. ಕುತ್ತಿಗೆಯನ್ನು ಅವರು ಯಾವ ಕಡೆಗೂ ತಿರುಗಿಸಲಿಲ್ಲ.

“ಆ ಕೈಯದ್ದು ಚಂದ ಮಾಡಿದ್ದಿ. ತುಟಿ ಕೂಡ. ಎಷ್ಟು ದಿನದಿಂದ ನೋಡ್ತಿದ್ದಿ?”

“ಒಂದು ತಿಂಗಳಾಯ್ತು.”

“ಮತ್ತೆ ಹೇಳ್ಲಿಲ್ಲ ಯಾಕೆ?” ಅವರೇ ಮುಂದುವರಿಸಿದರು. “ನಾನು ಹೇಳ್ಲಿಲ್ಲ. ಹೇಳಿದ್ರೆ ಬುಟ್ಟಿ ಇಳಿಸ್ಲಿಕ್ಕೆ ಹೇಳ್ತಾರೆ, ನನಗೆ ಹೊಟ್ಟೆ ಉಂಟು. ನಿನಗೆ ಎಂತ ಇತ್ತು?”

ನನ್ನ ಹತ್ತಿರ ಊರಿನ ಎಲ್ಲರ ಸ್ವರ ಇತ್ತು.

ಅಮ್ಮ ಆ ದಿನ ಬುಟ್ಟಿಯನ್ನು ಪುನಃ ತಲೆಗೇರಿಸಲು ಬಿಡಲಿಲ್ಲ. ಮೀನನ್ನು ಸುತ್ತಮುತ್ತಲಿನ ಮನೆಗಳಿಗೆ ನಾನೇ ಹಂಚಿ ಬಂದೆ. ಅದೇ ವಾರ ಅವರನ್ನು ನಾನೂ ಅಮ್ಮನೂ ಕಾಸರಗೋಡಿಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ಆಯಿತು, ಸ್ಕ್ಯಾನಿಂಗ್ ಆಯಿತು. ಡಾಕ್ಟರು ನನಗಿಂತ ಸ್ವಲ್ಪವೇ ದೊಡ್ಡವರು, ಮಲಯಾಳಿ. ಮೀನಿನ ವ್ಯಾಪಾರದಷ್ಟು ಮಲಯಾಳ ಯಮುನಕ್ಕನಿಗೆ ಬರುತ್ತಿತ್ತು. ಎಲುಬಿನ ಮಲಯಾಳ ಬರುತ್ತಿರಲಿಲ್ಲ. ಹಾಗಾಗಿ ಮಧ್ಯದಲ್ಲಿ ನಾನು.

ಟಕ್ ಟಕ್ ಎನ್ನುವುದು ಕೀಲಿನೊಳಗಿನ ಗಾಳಿಯ ಗುಳ್ಳೆಯ ಸದ್ದು, ನೋವಿಲ್ಲದಿದ್ದರೆ ಅದರಿಂದ ತೊಂದರೆಯಿಲ್ಲ ಎಂದರು ಡಾಕ್ಟರು. ಯಮುನಕ್ಕನ ಮುಖ ಅರಳಿತು. “ನಾನು ಹೇಳ್ಲಿಲ್ವಾ, ಬಿಜಾಗರಿ!” ತೊಂದರೆ ಬೇರೆಯದು: ಎಲುಬುಗಳ ನಡುವಿನ ಮೆತ್ತೆ ಸವೆದು ಕೈಗೆ ಹೋಗುವ ನರ ಒತ್ತಿಕೊಂಡಿದೆ, ಇನ್ನು ತಲೆಯ ಮೇಲೆ ಭಾರ ಹೊರಬಾರದು. ಹೆದರಿದಾಗ ನನಗೆ ಇನ್ನೊಬ್ಬರ ಸ್ವರ ಬರುವುದು ರೂಢಿ. ಡಾಕ್ಟರು ಹೇಳಿದ್ದನ್ನು ಡಾಕ್ಟರ ಸ್ವರದಲ್ಲೇ ತುಳುವಿಗೆ ತಂದು ಹೇಳಿದೆ.

ಯಮುನಕ್ಕ ಚೌಕಾಸಿಗಿಳಿದರು. “ಅರ್ಧ ಬುಟ್ಟಿ?”

ಇಲ್ಲವಂತೆ ಎಂದೆ.

“ಕಾಲು? ಬರೀ ಸಣ್ಣ ಬೂತಾಯಿ ಮೀನು ಮಾತ್ರ ಹಾಕಿದ್ರೆ?”

ಡಾಕ್ಟರು ಬೇಡವೆಂದು ತಲೆಯಾಡಿಸಿದರು.

“ಖಾಲಿ ಬುಟ್ಟಿ?”

ಡಾಕ್ಟರು ನನ್ನ ಮುಖ ನೋಡಿದರು. ನಾನು ಅರ್ಥ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಆ ಡಾಕ್ಟ್ರ ಸ್ವರ ಸಾಕು ಮಗಾ. ನಿನ್ನದ್ದರಲ್ಲಿ ಹೇಳು” ಎಂದರು ಯಮುನಕ್ಕ. ನಾಟಕ ಎನ್ನದೆ ಮಗಾ ಎಂದದ್ದು ಅದೇ ಮೊದಲು.

“ಬೇಡ ಯಮುನಕ್ಕ. ಇನ್ನು ಹೊರ್ಬೇಡಿ.”

ತೆಳ್ಳಗಿನ ಸ್ವರ. ನಡುವೆ ಒಡೆಯಿತು ಕೂಡ. ಮೈಕಿನಲ್ಲಿ ಇಟ್ಟರೆ ಯಾರೂ ಕೇಳಲಾರರು. ಅವರು ಕೇಳಿದರು. “ಆಯ್ತು” ಎಂದು ಎದ್ದರು.

ಕುತ್ತಿಗೆಗೆ ಒಂದು ಪಟ್ಟಿ ಬಂತು, ಮಾತ್ರೆ ಬಂತು, ವ್ಯಾಯಾಮ ಹೇಳಿಕೊಡುವವರ ಹತ್ತಿರ ಕೆಲವು ವಾರಗಳ ಓಡಾಟವೂ ಆಯಿತು. ಬಲಗೈ ಅರ್ಧಕ್ಕರ್ಧ ಮರಳಿತು. ಒಂದಷ್ಟು ದಿನ ಜಂಕ್ಷನ್ನಿನಲ್ಲಿ ಉಳಿದವರ ಜೊತೆ ಕುಳಿತು ನೋಡಿದರು, ಒಗ್ಗಲಿಲ್ಲ. “ನಡೆದು ಮಾರಿದವಳಿಗೆ ಕೂತು ಮಾರ್ಲಿಕ್ಕೆ ಬರುದಿಲ್ಲ. ಕಾಲು ತಾನೇ ಎದ್ದು ಹೋಗ್ತದೆ” ಎಂದರು. ಮಲ್ಪೆಯಲ್ಲಿ ಅವರ ತಂಗಿ ಒಣಮೀನಿನ ಅಂಗಡಿ ಇಟ್ಟಿದ್ದಳು. ಬಾ, ಗಲ್ಲಾದ ಹತ್ತಿರ ಕುಳಿತರೆ ಸಾಕು ಎಂದು ಕರೆದಳು. ಹೊರಡುವ ಹಿಂದಿನ ಸಂಜೆ ನಾನು ಶಿರಿಯಕ್ಕೆ ಹೋದೆ.

ಚಾ ಕೊಟ್ಟರು. ಬಲಗೈಯಲ್ಲೇ, ಚೆಲ್ಲಲಿಲ್ಲ. ಕುಡಿದಾದ ಮೇಲೆ, “ನನ್ನನ್ನೊಮ್ಮೆ ಮಾಡು” ಎಂದರು.

“ಓಣಂ ಆದಮೇಲೆ ಬಿಟ್ಟಿದ್ದೇನೆ ಯಮುನಕ್ಕ.”

“ಮಾಡು ಮಾರಾಯ. ಕೈಯದ್ದು ಬೇಡ. ಮೊದಲಿನ ನಾನು.”

ಎದ್ದು ನಿಂತು ಮಾಡಿದೆ. ರಿಕ್ಷಾದಿಂದ ಇಳಿದದ್ದು, ಹೈವೇ ಸುತ್ತಿ ದಾಟಿದ್ದು, ರಸ್ತೆಯಿಂದಲೇ ಒಂದೊಂದು ಮನೆಗೆ ಒಂದೊಂದು ಬಗೆಯ ಕೂಗು. ನಮ್ಮ ಗೇಟಿನವರೆಗೆ ಬಂದು ನಿಂತೆ. ಅಲ್ಲಿಂದ ಮುಂದೆ ನನಗೆ ಗೊತ್ತಿರಲಿಲ್ಲ.

“ನಿಮ್ಮದಾದ ಮೇಲೆ ಇನ್ನೂ ಆರು ಮನೆ ಉಂಟು” ಎಂದು ಅವರು ಕುಳಿತಲ್ಲಿಂದಲೇ ಶುರು ಮಾಡಿದರು. ನಿವೃತ್ತ ಮೇಷ್ಟರ ಹೆಂಡತಿ ಮೂಗಿನಲ್ಲಿ ‘ಕಾಣೆ ಮೀನು ಇಲ್ಲವೇನು’ ಎಂದು ಕೇಳುವುದು. ಗಲ್ಫಿನಿಂದ ಬಂದವರ ಮನೆಯ ಸೊಸೆ ಫೋನಿನಲ್ಲಿ ಗಂಡನಿಗೆ ಮೀನು ತೋರಿಸಿ ಒಪ್ಪಿಗೆ ಕೇಳುವುದು. ನಡುವೆ ಹಿಂದಕ್ಕೆ ಬಂದು ನಮ್ಮ ಅಮ್ಮನನ್ನೂ ಮಾಡಿದರು. ನಾನು ತಿರುಗಿ ಬಾಗಿಲ ಕಡೆ ನೋಡಿದೆ, ಅಮ್ಮ ಬಂದರೇನೋ ಎಂದು. ನಾನು ಹೆಮ್ಮೆಪಡುವ ಯಾವ ಐಟಮ್ಮೂ ಅದರ ಹತ್ತಿರ ನಿಲ್ಲಲಾರದು.

“ಇದೆಲ್ಲ ಯಾವಾಗ ಕಲಿತದ್ದು?”

“ಬುಟ್ಟಿ ತಲೆ ಮೇಲೆ ಇರುವಾಗ ಯಾರ ಮುಖವನ್ನೂ ನೋಡ್ಲಿಕ್ಕೆ ಆಗುದಿಲ್ಲ. ಕಣ್ಣೆದುರಿನ ದಾರಿ ಮಾತ್ರ. ಹಾಗೆ ನಿಮ್ಮನ್ನೆಲ್ಲ ಸ್ವರದಲ್ಲೇ ಗುರ್ತ ಇಟ್ಟದ್ದು.” ಲೋಟ ಬದಿಗಿಟ್ಟು ಹೇಳಿದರು, “ವಾಪಸು ಬರುವಾಗ ಮಾತ್ರ ಬುಟ್ಟಿ ಖಾಲಿ. ಆಗ ಆಚೆ ಈಚೆ ಎಲ್ಲ ನೋಡ್ಕೊಂಡು ಬರುದು. ಶಿರಿಯದವರೆಗೆ ಹಾಡು ಹೇಳ್ಕೊಂಡು ಬರ್ತಿದ್ದೆ.”

“ಹಾಡಾ? ಯಾವ ಹಾಡು?”

“ಯಾಕೆ, ಅದನ್ನೂ ಮೈಕಿನಲ್ಲಿ ಹಾಕ್ಲಿಕ್ಕಾ?” ಎಂದು ನಕ್ಕರು. ಎಷ್ಟು ಕೇಳಿದರೂ ಹೇಳಲಿಲ್ಲ. ಕತ್ತಲಾಗುವ ಮೊದಲು ಹೊರಡು, ಸೇತುವೆಯ ಹತ್ತಿರ ಲಾರಿಗಳು ಬರ್ತವೆ ಎಂದು ಎಬ್ಬಿಸಿ ಕಳಿಸಿದರು.

ಮಲ್ಪೆಗೆ ಆಗೀಗ ಫೋನ್ ಮಾಡುತ್ತೇನೆ. ಫೋನಿನಲ್ಲಿ ಅವರು ‘ಹಾಂ’ ಎನ್ನುವುದಕ್ಕಿಂತ ಹೆಚ್ಚು ಮಾತಾಡುವವರಲ್ಲ. ಕೆಲವು ಸಂಜೆ ಅಂಗಡಿ ಬೇಗ ಮುಚ್ಚಿದರೆ, ಆ ಕೊನೆಯ ಆರನೆಯ ಮನೆಯಿಂದ ಶಿರಿಯದ ಕಡೆಗೆ ನಡೆದು ನೋಡುತ್ತೇನೆ. ನೀರು ಹರಿಯುವ ತೋಡಿನ ಬದಿಯಲ್ಲಿ ಯಾರೂ ಇಲ್ಲದಲ್ಲಿ ಅವರ ಸ್ವರ ತೆಗೆಯುತ್ತೇನೆ. ಸ್ವರ ಒಂದಿಷ್ಟೂ ತಪ್ಪದೆ ಬರುತ್ತದೆ. ಅಮ್ಮ ತೊಟ್ಟಿಲಿಗೆ ಹಾಡುತ್ತಿದ್ದುದನ್ನು ಅದರಲ್ಲಿಟ್ಟು ನೋಡಿದೆ, ನಾಟಿಯ ಹಾಡು ಇಟ್ಟು ನೋಡಿದೆ, ಹಳೆಯ ಸಿನಿಮಾದ್ದನ್ನೂ ಇಟ್ಟು ನೋಡಿದೆ. ಎರಡು ಸಾಲು ದಾಟುವುದರೊಳಗೆ ಗೊತ್ತಾಗುತ್ತದೆ, ಇದಲ್ಲ. ನಿಲ್ಲಿಸಿ, ಇನ್ನೊಂದು ಹಾಡು ನೆನಪು ಮಾಡಿಕೊಳ್ಳುತ್ತಾ ಮುಂದೆ ನಡೆಯುತ್ತೇನೆ.